ಬುಧವಾರ ಎರಡೂವರೆಗೆ

ಬುಧವಾರ ಎರಡೂವರೆಗೆ ಸರಿಯಾಗಿ
ಒಲೂಚಿ ಒಂದು ಯಂತ್ರವನ್ನು ಕೊಲ್ಲುತ್ತಾಳೆ.
ಸಿಟ್ಟಿಲ್ಲ. ಕೈಯಲ್ಲಿ ಅರ್ಧ ತಿಂದ ಸ್ಯಾಂಡ್‌ವಿಚ್.
ಯಾವುದೆಂದು ಅವಳಿಗೂ ಗೊತ್ತಿರುವುದಿಲ್ಲ,
ಚೀಟಿ ಎತ್ತಿದ ಹಾಗೆ ಪ್ರೋಗ್ರಾಮೇ ಆರಿಸುತ್ತದೆ.
ನಾವು ಪರದೆಯ ಮೇಲಿನ ಗೆರೆ ನೋಡುತ್ತೇವೆ:
ಕೊಂಚ ತಗ್ಗಿ, ತಡವರಿಸಿ,
ಮತ್ತೆ ನೆಟ್ಟಗಾಗುತ್ತದೆ.
ಸ್ವಾನ್‌ಸೀ ಬಸ್ಸಿಗೆ ಟಿಕೆಟ್ ತೆಗೆಯುತ್ತಿದ್ದವರು ಯಾರೋ
ಒಂದು ಸಲ ಕಣ್ಣು ಮಿಟುಕಿಸಿರಬಹುದು, ಅಷ್ಟೇ.

ಹೊರಗೆ ಸ್ಲೌ ಊರಿನ ಗಾಳಿ,
ಅದರಲ್ಲಿ ಫ್ಯಾಕ್ಟರಿಯ ಚಾಕಲೇಟು.
ಹಾರ್ಲಿಕ್ಸಿನ ಚಿಮಣಿ ಹಾಗೇ ಇದೆ,
ಬುಡದಲ್ಲಿ ಫ್ಲ್ಯಾಟುಗಳು.

ನಾನು ಸೇರಿದಾಗ ಇದ್ದದ್ದು ಒಂದೇ ಯಂತ್ರ.
ಹೆಸರಿತ್ತು ಅದಕ್ಕೆ: ಬ್ಲಾಡ್‌ವೆನ್.
ಇಟ್ಟವನು ಡಿಲ್ವಿನ್ ಪ್ರಾಸರ್, ತನ್ನ ಸೋದರತ್ತೆಯ ಹೆಸರು.
ಬೆಳಗ್ಗೆ ಬಂದವನೇ ಕೋಟು ಬಿಚ್ಚುವ ಮೊದಲು
ಅದರ ಬೆನ್ನಿಗೆ ಅಂಗೈ ಇಡುತ್ತಿದ್ದ,
ಮಗುವಿನ ಜ್ವರ ನೋಡುವ ಹಾಗೆ.
ನಿಲ್ಲದೆ ಓಡಿದ ದಿನಗಳ ಲೆಕ್ಕ ಬಿಳಿ ಹಲಗೆಯ ಮೂಲೆಯಲ್ಲಿ:
ಸಾವಿರದ ನೂರಾ ನಾಲ್ಕು.
ಆಗ ವಿನ್ಯಾಸ ಎಂದರೆ ಬೀಳಬಾರದು, ಇಷ್ಟೇ.
ಎರಡೆರಡು ಫ್ಯಾನು, ಎರಡು ಕಡೆಯ ಕರೆಂಟು,
ಗಿರಾಕಿ ಹೆಚ್ಚಿದರೆ ಇನ್ನೂ ದೊಡ್ಡ ಪೆಟ್ಟಿಗೆ.

ಒಂದು ಈಸ್ಟರಿನ ಮುನ್ನಾದಿನ ಬ್ಲಾಡ್‌ವೆನ್ ಬಿದ್ದಳು.
ಇಡೀ ದೇಶ ಅಂದೇ ಹೊರಡುವುದಿತ್ತು.
ಹನ್ನೊಂದು ಗಂಟೆ ನಲವತ್ತು ನಿಮಿಷ
ಡಿಲ್ವಿನ್ ನೆಲದ ಮೇಲೆ ಕೂತು ಸ್ಕ್ರೂ ಬಿಚ್ಚುತ್ತ
ವೆಲ್ಷ್ ಭಾಷೆಯಲ್ಲಿ ಏನೋ ಹೇಳುತ್ತಿದ್ದ.
ಬೈಗುಳವೋ ಬೇಡಿಕೆಯೋ, ನಾನು ಕೇಳಲಿಲ್ಲ.

ಆಮೇಲೆ ಒಡೆದೆವು.
ದರ ಹೇಳುವುದು ಬೇರೆ, ಸೀಟು ಎಣಿಸುವುದು ಬೇರೆ,
ದುಡ್ಡು ತೆಗೆದುಕೊಳ್ಳುವುದು ಬೇರೆ,
‘ಧನ್ಯವಾದ’ ಎಂಬ ಮೇಲ್ ಕಳಿಸಲಿಕ್ಕೇ ಒಂದು ತಂಡ,
ಅದಕ್ಕೊಬ್ಬ ಮ್ಯಾನೇಜರ್.
ನಲವತ್ತು, ಎಂಬತ್ತು, ಇನ್ನೂರ ಆರು.
ಪಾಲಾದ ಮನೆಯಲ್ಲಿ ಉಪ್ಪು ಕೇಳಲೂ ಬಾಗಿಲು ತಟ್ಟಬೇಕು.
ಲೀಡ್ಸಿಗೆ ಎಷ್ಟು ಎಂಬ ಒಂದು ಪ್ರಶ್ನೆ
ಹದಿಮೂರು ಬಾಗಿಲು ತಟ್ಟಿ ಬರುತ್ತಿತ್ತು,
ಒಂದು ಮನೆಯಲ್ಲಿ ನಿದ್ದೆ ಹತ್ತಿದ್ದರೆ
ಉಳಿದ ಹನ್ನೆರಡೂ ಹೊಸ್ತಿಲಲ್ಲೇ ನಿಂತಿರುತ್ತಿದ್ದವು.
ಇಷ್ಟೆಲ್ಲ ಒಡೆದೂ ಡೇಟಾಬೇಸು ಒಂದೇ.
ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ?
ಇನ್ನೂರ ಆರೂ ಅಲ್ಲೇ, ಕೊಡ ಹಿಡಿದುಕೊಂಡು, ಜಗಳ.

ನಕ್ಷೆ ಮೊದಲು ಒಂದು ಹಾಳೆಯಲ್ಲಿತ್ತು,
ಆಮೇಲೆ ಒಂದು ಗೋಡೆ,
ಆಮೇಲೆ ಯಾರೂ ಬರೆಯಲಿಲ್ಲ.
ರಾತ್ರಿ ಪಾಳಿಯ ನನ್ನ ನೋಟುಪುಸ್ತಕದಲ್ಲಿ,
ಬೇರೆಯವರು ಓದದಿರಲೆಂದು ಕನ್ನಡದಲ್ಲಿ:
‘ಬ್ಲಾಡ್‌ವೆನ್ ಬಿದ್ದರೆ ಬಿದ್ದದ್ದು ಗೊತ್ತಾಗುತ್ತಿತ್ತು.
ಇದು ಯಾವಾಗಲೂ ಸ್ವಲ್ಪ ಬಿದ್ದೇ ಇರುತ್ತದೆ.’

ಒಲೂಚಿ ಸೇರಿದ ವಾರ ಅದೇನೆಂದು ಕೇಳಿದಳು, ಹೇಳಿದೆ.
‘ಹೌದಲ್ಲ,’ ಅಂದಳು, ‘ಅಲ್ಲಿಂದಲೇ ಶುರುಮಾಡೋಣ.’
ಬೀಳಬಾರದು ಎಂದಿದ್ದ ಕಡೆಯೆಲ್ಲ ಹೊಡೆದುಹಾಕಿ
ಬಿದ್ದರೆ ಹಿಡಿಯುವವರು ಯಾರು ಎಂದು ಬರೆದಳು.
ಉತ್ತರ ಇಲ್ಲದ ಕಡೆ ಬುಧವಾರ ಇಟ್ಟಳು.

ಈಚೆಗೆ ಐವತ್ತೆರಡನ್ನು ಮತ್ತೆ ಒಂದಾಗಿ ಹೊಲಿದಿದ್ದೇವೆ.
ಹೊಸ ಹುಡುಗರು ಅದನ್ನು ಹೊಸ ಉಪಾಯವೆಂದೇ ತಿಳಿದಿದ್ದಾರೆ.
ನಾನು ತಿದ್ದಲು ಹೋಗಿಲ್ಲ.

ಈ ಬುಧವಾರ ಡಿಲ್ವಿನ್ ಬಂದಿದ್ದ.
ನಿವೃತ್ತನಾಗಿ ಆರು ವರ್ಷ, ಮಂಡಿಗೆ ಹೊಸ ಕೀಲು.
ಗೆರೆ ತಗ್ಗಿತು. ಎದ್ದಿತು.
‘ಅದರ ಹೆಸರೇನು?’
ಒಲೂಚಿ ಓದಿದಳು: ಏಳು, ಸಿ, ನಾಲ್ಕು, ಎಫ್, ಸೊನ್ನೆ, ಸೊನ್ನೆ...
‘ಎಲ್ಲಿತ್ತು?’
‘ಇಲ್ಲಲ್ಲ. ಡಬ್ಲಿನ್ ಇರಬೇಕು. ಹುಟ್ಟಿದ್ದು ನಿನ್ನೆ.’
ಅವನು ತಲೆಯಾಡಿಸಿದ. ಟೀ ಕುಡಿದ.

ಹೊರಡುವಾಗ ಹಳೆಯ ಕೋಣೆಯ ಬಾಗಿಲು ತಳ್ಳಿ ನೋಡಿದ.
ಸೈಕಲ್ಲುಗಳು, ಯಾರದೋ ಛತ್ರಿ, ಕೆಟ್ಟುಹೋದ ಪ್ರಿಂಟರು.
ನಡೆದುಹೋಗಿ ಪ್ರಿಂಟರಿನ ಬೆನ್ನಿಗೆ ಅಂಗೈ ಇಟ್ಟ,
ಸ್ವಲ್ಪ ಹೊತ್ತು ಹಾಗೇ.
‘ತಣ್ಣಗಿದೆ,’ ಅಂದ ನನ್ನ ಕಡೆ ತಿರುಗಿ,
ಯಾರಾದರೂ ನೋಡಿಕೊಳ್ಳಿ ಎನ್ನುವ ಹಾಗೆ.